ಹಾಸಿಗೆಯಮ್ಮನ ಒಳಗೆ ಉಳಿದದ್ದು

ಹಾಸಿಗೆ ಹೊಲಿಯುವವರ ಮಂಚದ ಮೇಲೆ ಹರಕು ಹಾಸಿಗೆ ಎನ್ನುವುದು ಆ ಬೀದಿಯ ಹಳೆಯ ಚೇಷ್ಟೆ. ಹಾಸಿಗೆಯಮ್ಮ ಅದಕ್ಕೆ ಯಾವತ್ತೂ ಮುಖ ಸಿಂಡರಿಸಿದವಳಲ್ಲ. "ಊರಿಗೆಲ್ಲ ನಿದ್ದೆ ಹಂಚಿದ ಮೇಲೆ ನಮ್ಮ ಪಾಲಿಗೆ ಉಳಿಯೋದೆಷ್ಟು ಹೇಳಿ" ಎಂದು ನಕ್ಕು ಸೂಜಿಗೆ ದಾರ ಪೋಣಿಸುತ್ತಿದ್ದಳು. ಆದರೆ ಈಚೆಗೆ ಆ ಮಾತು ನಗೆಯ ಮಾತಾಗಿ ಉಳಿದಿರಲಿಲ್ಲ. ಎಡ ಪಕ್ಕೆಯ ಹಿಂದೆ ಯಾರೋ ಹೆಬ್ಬೆರಳು ಒತ್ತಿ ಹಿಡಿದಂತೆ ಒಂದು ನೋವು. ಮಲಗಿದರೆ ಎದ್ದು ಕೂರಿಸುವುದು, ಕೂತರೆ ನಿಲ್ಲಿಸುವುದು. ಬಚ್ಚಲಿಗೆ ಹೋಗಿ ಬಂದ ಮರುಗಳಿಗೆಯೇ ಮತ್ತೆ ಹೋಗಬೇಕೆನ್ನಿಸುವುದು. ಹೋದರೆ ಉರಿ, ಕೆಲವೊಮ್ಮೆ ಕೆಂಪು.

"ಅತ್ತಿಗೆ, ಬಚ್ಚಲ ಬಾಗಿಲಿಗೇ ನಿನ್ನ ಮಂಚ ಹಾಕ್ಸೋಣ ಬಿಡು. ನಡೆಯೋ ಶ್ರಮ ಉಳಿಯುತ್ತೆ" ಎನ್ನುತ್ತಿದ್ದಳು ನಾದಿನಿ ಗುಬ್ಬಿ. ಹೆಸರಿಗೆ ಗುಬ್ಬಿ, ಹತ್ತಿಯ ಅಂಡಿಗೆಯನ್ನು ಒಂದೇ ತೋಳಿನಲ್ಲಿ ಎತ್ತುವ ಹೆಂಗಸು. ಹಾಸಿಗೆಯಮ್ಮನ ಗಂಡನ ತಂಗಿ. ಗಂಡ ಹೋಗಿ ನಾಲ್ಕು ವರ್ಷವಾಗಿತ್ತು. ಒಂದು ಮಧ್ಯಾಹ್ನ ಹತ್ತಿಯ ಹೊರೆ ಎತ್ತಲು ಬಗ್ಗಿದವನು ಅದರ ಮೇಲೇ ಕೂತ. ದಣಿದು ಕೂತಿದ್ದಾನೆಂದು ಇಬ್ಬರೂ ತಮ್ಮ ಕೆಲಸ ನೋಡಿಕೊಂಡರು. ನೀರು ಬೇಕೇ ಎಂದು ಕೇಳಿದಾಗ ಉತ್ತರ ಬರಲಿಲ್ಲ. ಅಂದಿನಿಂದ ಅಂಗಡಿಯನ್ನು ಅತ್ತಿಗೆ ನಾದಿನಿಯರೇ ನಡೆಸುತ್ತಿದ್ದರು. ಒಂದೇ ಕೋಣೆಯ ಅಂಗಡಿ. ಮೂಲೆಯಲ್ಲಿ ಹತ್ತಿ ಹಿಂಜುವ ಯಂತ್ರ, ನಡುವೆ ಆಳುದ್ದದ ಹಲಗೆ, ಗೋಡೆಗೆ ಪಟ್ಟೆಬಟ್ಟೆಯ ಸುರುಳಿಗಳು. ಗಾಳಿಯಲ್ಲಿ ಸದಾ ತೇಲುವ ಹತ್ತಿಯ ಎಳೆ ಇಬ್ಬರ ಹುಬ್ಬಿನ ಮೇಲೂ ಕೂತು, ಹರೆಯದಲ್ಲೇ ಮುಪ್ಪು ತಂದಿತ್ತು.

ನೋವಿಗೆ ಹಾಸಿಗೆಯಮ್ಮ ಒಂದಲ್ಲ ಒಂದು ನೆವ ಕೊಟ್ಟುಕೊಂಡಿದ್ದಳು. ಬಗ್ಗಿ ಹೊಲಿಯುವವಳ ಸೊಂಟ ಇನ್ನು ಹೇಗಿದ್ದೀತು? ಒಂಟಿಯಾದವಳ ಮೈ ನೋಯದೆ ಇದ್ದೀತೆ? ಇದು ದುಃಖವೇ ಇಳಿದು ಬಂದು ಪಕ್ಕೆಯಲ್ಲಿ ಮನೆ ಮಾಡಿರುವುದು ಎಂದುಕೊಂಡಳು. ದೇವರು ಕೊಟ್ಟ ದುಃಖಕ್ಕೆ ಔಷಧಿ ಕೇಳುವುದು ಅವಳಿಗೆ ಸರಿ ಕಾಣಲಿಲ್ಲ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮುನ್ನ ಕೈಮುಗಿದು, "ನೀನು ಹೊರಿಸಿದಷ್ಟು ಹೊರ್ತೀನಿ" ಎನ್ನುವಳು. ದೇವರು ಹೊರಿಸದೆ ಇದ್ದದ್ದನ್ನೂ ತಾನು ಹೊತ್ತಿದ್ದೇನೆಂದು ಅವಳಿಗೇನು ಗೊತ್ತು.

ಒಂದು ದಿನ ಮುಂಜಾನೆ ಯಾರದೋ ಮನೆಯ ತೊಟ್ಟಿಲಿಗೆ ಪುಟ್ಟ ಹಾಸಿಗೆ ಹೊಲಿಯುತ್ತಿದ್ದಾಗ ಕೈ ನಡುಗಲಾರಂಭಿಸಿತು. ಹಲ್ಲು ಕಟಕಟ ಎಂದವು. ಗುಬ್ಬಿ ಹಣೆ ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡಳು. "ಕೆಂಡ ಅತ್ತಿಗೆ, ಕೆಂಡ!" ಎದುರು ಅಂಗಡಿಯ ಕ್ಷೌರಿಕ, ಅರ್ಧ ಗಡ್ಡ ತೆಗೆದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಓಡಿ ಬಂದ. ಸಾಗಿಸಲು ಸಿದ್ಧವಾಗಿ ನಿಂತಿದ್ದ ಸಾಮಾನಿನ ಗಾಡಿಯಲ್ಲಿ, ಬೇರೆ ಯಾರದೋ ಹೊಸ ಹಾಸಿಗೆಯ ಮೇಲೆ ಮಲಗಿಸಿ ಅವಳನ್ನು ಆಸ್ಪತ್ರೆಗೆ ಒಯ್ದರು. ಹೊಸ ಹಾಸಿಗೆಯ ಮೇಲೆ ಅವಳು ಮಲಗಿದ್ದು ಬಹುಶಃ ಅದೇ ಮೊದಲು.

ಅಲ್ಲಿ ರಕ್ತ ತೆಗೆದರು, ಹೊಟ್ಟೆಯ ಎಕ್ಸ್‌ರೇ ತೆಗೆದರು. ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮ ಬಂದು ಚಿತ್ರವನ್ನು ಬೆಳಕಿನ ಹಲಗೆಗೆ ಸಿಕ್ಕಿಸಿದರು. ಬೆನ್ನುಮೂಳೆಯ ಎಡಕ್ಕೆ ಮೇಲಿನಿಂದ ಕೆಳಗಿನವರೆಗೆ ಬಿಳಿಯ ಗೆರೆಯೊಂದು ಬಳುಕುತ್ತ ಇಳಿದಿತ್ತು. ಅದರ ಎರಡು ತುದಿಯೂ ಸುರುಳಿ ಸುತ್ತಿತ್ತು; ಎರಡು ಸುರುಳಿಯ ಮೇಲೂ ಕಲ್ಲಿನ ಉಂಡೆ.

"ಅಮ್ಮ, ಈ ಟ್ಯೂಬು ಯಾವಾಗ ಹಾಕಿಸ್ಕೊಂಡ್ರಿ?"

"ಯಾವ ಟ್ಯೂಬು ತಾಯಿ? ಇದು ನಂದೇ ಚಿತ್ರಾನಾ ನೋಡಿ, ಬದಲಾಗಿರಬಹುದು."

"ನಿಮ್ಮದೇ. ಮುಂಚೆ ಕಿಡ್ನಿಯ ಕಲ್ಲಿಗೆ ಆಪರೇಷನ್ ಆಗಿತ್ತಾ?"

ಆಗಿತ್ತು. ಗಂಡ ಹೋಗುವುದಕ್ಕೆ ಒಂದು ತಿಂಗಳು ಮುಂಚೆ. ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತರು. ಕಲ್ಲು ತೆಗೆದ ಮೇಲೆ ಮೂತ್ರದ ನಾಳ ಊದಿಕೊಳ್ಳುತ್ತದೆ, ಮುಚ್ಚಿಹೋಗಬಾರದೆಂದು ಒಳಗೆ ಮೆತ್ತನೆಯ ಕೊಳವೆಯೊಂದನ್ನು ಇಟ್ಟಿರುತ್ತಾರೆ, ಸ್ಟೆಂಟ್ ಎನ್ನುತ್ತಾರೆ ಅದಕ್ಕೆ, ಕೆಲವು ವಾರಗಳಲ್ಲಿ ತೆಗೆದುಬಿಡಬೇಕು ಎಂದರು. "ಇಷ್ಟು ವರ್ಷ ಬಿಟ್ರೆ, ನೀರು ಕಾಸೋ ಪಾತ್ರೆ ತಳಕ್ಕೆ ಸುಣ್ಣ ಕಟ್ಟುತ್ತಲ್ಲ, ಹಾಗೆ ಇದಕ್ಕೆ ಕಲ್ಲು ಕಟ್ಟುತ್ತೆ. ನೀರಿಗೆ ದಾರಿ ಇರಲ್ಲ. ಕಿಡ್ನಿ ಒಳಗೇ ಕೊಳೆಯುತ್ತೆ. ಅವತ್ತು ನಿಮ್ಮ ಜೊತೆ ಇದ್ದೋರು ಯಾರು?"

"ನಮ್ಮ ಯಜಮಾನರು."

"ಅವರಿಗೆ ಹೇಳಿರ್ತಾರೆ. ಕರೆಸ್ತೀರಾ?"

"ಕರೆದ್ರೆ ಬರೋ ಜಾಗದಲ್ಲಿ ಅವರಿಲ್ಲ" ಎಂದಳು ಹಾಸಿಗೆಯಮ್ಮ.

ಡಾಕ್ಟರಮ್ಮ ಚಿತ್ರವನ್ನು ಹಲಗೆಯಿಂದ ಬಿಡಿಸಿಕೊಂಡರು. "ಆ ಆಸ್ಪತ್ರೆಯೋರಾದ್ರೂ ನಿಮ್ಮನ್ನ ಕರೀಬೇಕಿತ್ತು. ಯಾರೂ ಕರೀಲಿಲ್ಲ" ಎಂದರು. ಆಮೇಲೆ ಗುಬ್ಬಿಯ ಕಡೆ ತಿರುಗಿ, ತಡಮಾಡುವಂತಿಲ್ಲ, ಬೆನ್ನಿನಿಂದ ಸಣ್ಣ ನಳಿಗೆ ಇಳಿಸಿ ಕೀವು ಹೊರಗೆ ಬಿಡಬೇಕು, ಜ್ವರ ಇಳಿದ ಮೇಲೆ ಆ ಕಿಡ್ನಿಯಲ್ಲಿ ಜೀವ ಎಷ್ಟು ಉಳಿದಿದೆಯೆಂದು ನೋಡಬೇಕು ಎಂದರು. ಉಳಿದಿದ್ದರೆ ಕಲ್ಲು ಒಡೆದು ಕೊಳವೆ ಬಿಡಿಸುವುದು. ಉಳಿದಿಲ್ಲವಾದರೆ ಕಿಡ್ನಿಯನ್ನೇ ತೆಗೆಯುವುದು.

ಗುಬ್ಬಿ ತಲೆಯಾಡಿಸಿದಳು. ಯಾಕೋ ಅತ್ತಿಗೆಯ ಕಣ್ಣು ತಪ್ಪಿಸಿದಳು.

*

ಬೆನ್ನಿಗೆ ನಳಿಗೆ ಬಿದ್ದ ಮೂರನೆಯ ದಿನಕ್ಕೆ ಜ್ವರ ಇಳಿಯಿತು. ಜ್ವರ ಇಳಿದ ಜಾಗಕ್ಕೆ ಕೋಪ ಬಂದು ಕೂತಿತು. ವಾರ್ಡಿನ ಕಿಟಕಿಯಿಂದ ಬೆಳಗಿನ ಬಿಸಿಲು ಬೀಳುತ್ತಿತ್ತು. ಪಕ್ಕದ ಮಂಚದ ಮುದುಕಿ ಗೋಡೆಗೆ ಮುಖ ಮಾಡಿ ಗೊರಕೆ ಹೊಡೆಯುತ್ತಿದ್ದಳು. ಹಾಸಿಗೆಯಮ್ಮ ತನ್ನ ಕೆಳಗಿನ ಆಸ್ಪತ್ರೆಯ ಹಾಸಿಗೆಯನ್ನು ಬೆರಳಿನಿಂದ ಒತ್ತಿ ನೋಡಿದಳು. ಹತ್ತಿ ಗಂಟು ಕಟ್ಟಿತ್ತು. ಯಾರು ಹೊಲಿದರೋ.

"ನಿಮ್ಮಣ್ಣ" ಎಂದಳು ಇದ್ದಕ್ಕಿದ್ದಂತೆ, "ಸೂಜಿ ಕಾಣದೆ ಒಂದು ಹಾಸಿಗೇನೂ ಮುಚ್ಚಿದೋರಲ್ಲ."

ಅದು ಆ ಅಂಗಡಿಯ ಕಟ್ಟಳೆ. ಹಾಸಿಗೆಯ ಕೊನೆಯ ಬಾಯಿ ಹೊಲಿಯುವ ಮುನ್ನ ಯಜಮಾನ ಕೂಗುತ್ತಿದ್ದ, "ಸೂಜಿ ಎಲ್ಲಿ?" ಎಂದು. ಹೊಲಿದವರು ತಮ್ಮ ತಮ್ಮ ಸೂಜಿಯನ್ನು ಎತ್ತಿ ತೋರಿಸಿದ ಮೇಲೆಯೇ ಬಾಯಿ ಮುಚ್ಚುವುದು. ಒಮ್ಮೆ ಒಂದು ಸೂಜಿ ಕಾಣದೆ, ಬಾಯಿಯೊಂದು ಬಿಟ್ಟು ಹೊಲಿದು ಮುಗಿಸಿದ್ದ ಮದುವೆ ಹಾಸಿಗೆಯನ್ನು ಬಿಚ್ಚಿ, ಹತ್ತಿಯನ್ನೆಲ್ಲ ನೆಲಕ್ಕೆ ಸುರಿದು, ಹಿಡಿ ಹಿಡಿಯಾಗಿ ಸವರಿ ನೋಡಿದ್ದ. ಸೂಜಿ ಕೊನೆಗೆ ಸಿಕ್ಕಿದ್ದು ಗುಬ್ಬಿಯ ಜಡೆಯಲ್ಲಿ.

"ಯಾರೋ ಕಾಣದ ಜನ ಮಲಗೋ ಹಾಸಿಗೆ ಒಳಗೆ ಸೂಜಿ ಉಳೀಬಾರದು. ಹೆಂಡ್ತಿ ಒಳಗೆ ಮಾರುದ್ದದ ಟ್ಯೂಬು ಉಳೀಬಹುದು. ಅಲ್ವೇನೇ? ಅಷ್ಟೇನಾ ನಾನು ಅವರಿಗೆ?"

"ಅಣ್ಣನ್ನ ಬೈಬೇಡ ಅತ್ತಿಗೆ."

"ಬೈದೆ ಇನ್ನೇನು ಮಾಡ್ಲಿ? ನಾಲ್ಕು ವರ್ಷ ಅವರಿಗೋಸ್ಕರ ಅತ್ತೆ. ಈ ನೋವು ಅವರದೇ ನೆನಪು ಅಂತ ಕಣ್ಣಿಗೊತ್ತಿಕೊಂಡೆ. ಮರೆತು ಹೋದದ್ದನ್ನ ನೆನಪು ಅಂತ ಪೂಜೆ ಮಾಡಿದ ಹಾಗಾಯ್ತಲ್ಲೇ!"

ಗುಬ್ಬಿ ಎದ್ದು ನಿಂತಳು. ಕಿಟಕಿಯವರೆಗೆ ಹೋದಳು, ಬಂದಳು. ಅವಳ ದೊಡ್ಡ ಮೈಗೆ ಆ ಸಂದು ಸಾಲದಾಯಿತು.

"ಅವನು ಮರೀಲಿಲ್ಲ. ಹೇಳಬೇಡ ಅಂದೋಳು ನೀನು."

"ನಾನಾ?"

"ನೀನೇ. ಆಪರೇಷನ್ನಿಗೆ ಹೋಗೋ ದಿನ ಬೆಳಿಗ್ಗೆ. ಅಂಗಡಿಯಲ್ಲೇ. ನಾನು ಯಂತ್ರದ ಹಿಂದೆ ಇದ್ದೆ. ಅವನ ಕೈ ಹಿಡ್ಕೊಂಡು ಆಣೆ ಹಾಕಿಸಿದೆಯಲ್ಲ, ಒಳಗೆ ಏನು ಕತ್ತರಿಸಿದ್ರೂ ಏನು ಇಟ್ರೂ ನನ್ನ ಕಿವಿಗೆ ಹಾಕಬೇಡಿ ಅಂತ. ನಾನು ಆ ಟ್ಯೂಬಿನ ವಿಷಯ ಕಾಣೆ, ದೇವರಾಣೆ. ಆದ್ರೆ ಆ ಮಾತು ಕೇಳಿದ್ದೆ. ಅವನು 'ಆಯ್ತು ಕಣೇ' ಅಂದಿದ್ದೂ ಕೇಳಿದ್ದೆ."

ಹೌದು, ಹಾಸಿಗೆಯಮ್ಮ ಅಂದಿದ್ದಳು. ಅವಳ ತಾಯಿಗೆ ಹೊಟ್ಟೆಯಲ್ಲಿ ಗೆಡ್ಡೆಯೆಂದು ಯಾವನೋ ಡಾಕ್ಟರು ಮುಖದ ಮೇಲೆ ಹೇಳಿದ ದಿನದಿಂದ ಆಕೆ ಅನ್ನ ಬಿಟ್ಟಿದ್ದಳು. ರೋಗ ತಿನ್ನುವ ಮೊದಲು ಮಾತೇ ಆಕೆಯನ್ನು ತಿಂದು ಮುಗಿಸಿತ್ತು. ಆ ಮಂಚದ ಪಕ್ಕ ಕೂತಿದ್ದ ಹುಡುಗಿ ಅಂದೇ ತೀರ್ಮಾನಿಸಿದ್ದಳು, ತನ್ನ ಒಳಗಿನ ಸುದ್ದಿ ತನಗೆ ಬೇಡವೆಂದು. ಮೈ ದೇವರದು, ಸುದ್ದಿ ಗಂಡನದು. ತನಗೆ ಕೆಲಸವೊಂದಿದ್ದರೆ ಸಾಕು.

ಈಗ ಒಂದೊಂದೇ ನೆನಪು ಎಳೆ ಬಿಚ್ಚಿಕೊಂಡಿತು. ಆಪರೇಷನ್ನಿನ ಮೇಲೆ ಎರಡು ವಾರ ಕಳೆದಿತ್ತೇನೋ, ಗಂಡ ಬಾಗಿಲಲ್ಲಿ ನಿಂತು, "ಒಂದ್ಸಲ ಆಸ್ಪತ್ರೆ ಕಡೆ ಹೋಗಿ ಬರೋಣ ಬಾ, ಸುಮ್ನೆ ನೋಡ್ತಾರಂತೆ" ಎಂದಿದ್ದ. ವಿದ್ಯಾರ್ಥಿನಿಲಯದ ಹಾಸಿಗೆಗಳ ರಾಶಿ ಬಿದ್ದಿತ್ತು. "ಗಟ್ಟಿಮುಟ್ಟಾಗಿರೋಳನ್ನ ಏನು ನೋಡ್ತಾರೆ? ಇದು ಮುಗೀಲಿ" ಎಂದಿದ್ದಳು. ಆಮೇಲೆ ಮತ್ತೆ ಕೇಳಿದ. ಮತ್ತೆ ಇವಳು ಹಲ್ಲಿನಿಂದ ದಾರ ಕಡಿಯುತ್ತ ಬೇಡವೆಂದು ತಲೆಯಾಡಿಸಿದಳು. ಅವನು ಏನೋ ಹೇಳಲು ಬಾಯಿ ತೆರೆದದ್ದು, ಮುಚ್ಚಿದ್ದು, ಹತ್ತಿಯ ಕಡೆಗೆ ತಿರುಗಿದ್ದು ಈಗ ಕಣ್ಣಿಗೆ ಕಟ್ಟಿತು. ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡವನ ಹಾಗೆ ಇದ್ದ ಆ ವಾರಗಳಲ್ಲಿ. ಉಗುಳುವಂತಿಲ್ಲ, ನುಂಗುವಂತಿಲ್ಲ. ಆಮೇಲೆ ಆ ಮಧ್ಯಾಹ್ನ ಬಂತು.

ಹೊರಗೆ ಯಾರೋ ನೆಲ ಒರೆಸುವ ಸಪ್ಪಳ ಹತ್ತಿರ ಬಂದು ದೂರ ಹೋಯಿತು. ಮನುಷ್ಯ ಕೊಟ್ಟ ಮಾತನ್ನು ಉಳಿಸಿಕೊಂಡರೂ ತಪ್ಪಾಗಬಹುದು, ಮುರಿದರೂ ತಪ್ಪಾಗಬಹುದು. ಇದರ ತಕ್ಕಡಿ ಹಿಡಿಯುವವನು ಮೇಲಿನವನು ಒಬ್ಬನೇ. ಹಾಸಿಗೆಯಮ್ಮ ಕಣ್ಣು ಮುಚ್ಚಿದಳು. ಪ್ರಾರ್ಥನೆಗೆ ಮಾತು ಸಿಗಲಿಲ್ಲ. ಕೋಪ ಹೋಗಿರಲಿಲ್ಲ. ಯಾರ ಮೇಲೆ ಇಡಬೇಕೆಂದು ತಿಳಿಯದೆ ಮಡಿಲಲ್ಲೇ ಇತ್ತು.

"ಕೂತ್ಕೊ ಗುಬ್ಬಿ" ಎಂದಳು ಕೊನೆಗೆ. "ನಿಂತ್ರೆ ಬೆಳಕು ಬರಲ್ಲ."

*

ಪರೀಕ್ಷೆಯ ಫಲ ಹಿಡಿದು ಡಾಕ್ಟರಮ್ಮ ಬಂದಾಗ ಬಾಗಿಲ ಬಳಿಯೇ ನಿಂತು ಕೇಳಿದರು, "ಯಾರ ಹತ್ರ ಮಾತಾಡ್ಲಿ?"

ಗುಬ್ಬಿ ರೂಢಿಯಂತೆ ಎದ್ದು ಹೊರಗೆ ಹೊರಟಳು. ಹಾಸಿಗೆಯಮ್ಮ ಅವಳ ಸೆರಗು ಹಿಡಿದಳು. ಎದೆ ಹಿಂಜುವ ಯಂತ್ರದ ಹಾಗೆ ಹೊಡೆದುಕೊಳ್ಳುತ್ತಿತ್ತು. ತಾಯಿಯ ಕೊನೆಯ ಮುಖ ಎದುರಿಗೆ ಬಂದು ಹೋಯಿತು.

"ನನ್ನ ಹತ್ರ ಹೇಳಿ. ಎಲ್ಲಾ ಹೇಳಿ. ನಾನು ಅತ್ರೆ ನಿಲ್ಲಿಸಬೇಡಿ."

ಡಾಕ್ಟರಮ್ಮ ಎಲ್ಲ ಹೇಳಿದರು. ಎಡದ ಕಿಡ್ನಿಯಲ್ಲಿ ಕಾಲು ಭಾಗದಷ್ಟು ಜೀವ ಇದೆ. ಹೋದ ಮುಕ್ಕಾಲು ಬರುವುದಿಲ್ಲ. ಕಾಲನ್ನು ಉಳಿಸಲು ನೋಡಬಹುದು, ಆದರೆ ಒಂದೇ ಸಲಕ್ಕೆ ಆಗುವ ಕೆಲಸವಲ್ಲ.

"ತುದಿ ಹಿಡಿದು ಎಳೆದ್ರೆ ಬರಲ್ವಾ ತಾಯಿ?"

"ಆ ತಪ್ಪು ಮಾಡಬಾರದು. ಎಳೆದ್ರೆ ನಾಳಾನೇ ಹರಿದು ಕೈಗೆ ಬರುತ್ತೆ. ಮೊದಲು ಕೆಳಗಿನ ಸುರುಳಿಯ ಕಲ್ಲು ಒಡೀತೀವಿ, ಮೂತ್ರಚೀಲದ ಕಡೆಯಿಂದ. ಆಮೇಲೆ ಬೆನ್ನಿಂದ ದಾರಿ ಮಾಡ್ಕೊಂಡು ಮೇಲಿನ ಸುರುಳಿಯದು. ಎರಡೂ ಸಡಿಲ ಆದ ಮೇಲೆ ಟ್ಯೂಬು. ಅದೂ ಹಳೇದಾಗಿ ಬಿರುಸಾಗಿರುತ್ತೆ, ಮುರೀಬಹುದು."

"ಮುರಿದ್ರೆ?"

"ಚೂರನ್ನೂ ಹುಡುಕಿ ತೆಗೀತೀವಿ."

"ಎಲ್ಲಾ ತೆಗೆದ್ರಾ ಅಂತ ನನಗೆ ಹೆಂಗೆ ಗೊತ್ತಾಗುತ್ತೆ?"

ಡಾಕ್ಟರಮ್ಮ ಮೊದಲ ಸಲ ನಕ್ಕರು. "ಮತ್ತೆ ಚಿತ್ರ ತೆಗೆದು ನಿಮಗೇ ತೋರಿಸ್ತೀನಿ."

ಹಾಸಿಗೆಯಮ್ಮ ಅತ್ತಳು. ಅಳುತ್ತಲೇ ಕೇಳಿಸಿಕೊಂಡಳು. ಅವರು ಹೋದ ಮೇಲೆ, ಬೆಳಗಿನಿಂದ ಮುಟ್ಟದೆ ಇಟ್ಟಿದ್ದ ಊಟದ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು. ಪಕ್ಕದ ಮಂಚದ ಮುದುಕಿ, ಗೊರಕೆಯ ನಟನೆ ಬಿಟ್ಟು, ಈ ಕಡೆ ಹೊರಳಿ, "ಗಟ್ಟಿಗಿತ್ತಿ ಕಣೇ ನೀನು" ಎಂದಳು. "ನೀವು ಎಷ್ಟು ಹೊತ್ತಿಂದ ಎಚ್ಚರ ಇದ್ದೀರಿ ಅಜ್ಜಿ?" ಎಂದು ಗುಬ್ಬಿ ಕೇಳಿದ್ದಕ್ಕೆ, "ನೀವು ಸೇರ್ಕೊಂಡ ದಿನದಿಂದ" ಎಂದಳು.

ಕೆಲಸ ಎರಡು ಕಂತಿನಲ್ಲಿ ಮುಗಿಯಿತು. ಕೊಳವೆ ಮುರಿಯಿತು, ಎರಡು ತುಂಡಾಗಿ ಬಂತು. ಒಂದು ಬಟ್ಟಲಲ್ಲಿ ಅವನ್ನು ತಂದು ತೋರಿಸಿದರು. ಹಳದಿ ತಿರುಗಿದ, ಸುಣ್ಣ ಮೆತ್ತಿದ, ಹುಳುವಿನಂಥ ವಸ್ತು. ಇಷ್ಟಕ್ಕೆ ಇಷ್ಟು ದಿನದ ನಿದ್ದೆ ಹೋಗಿತ್ತು. ಬೆಳಕಿನ ಹಲಗೆಯ ಮೇಲಿನ ಹೊಸ ಚಿತ್ರದಲ್ಲಿ ಕಲ್ಲಿಲ್ಲ. ಆದರೆ ಬೆನ್ನುಮೂಳೆಯ ಎಡಕ್ಕೆ ಒಂದು ತೆಳು ಗೆರೆ ಮತ್ತೆ ಇತ್ತು.

"ಇದೇನು?" ಹಾಸಿಗೆಯಮ್ಮನ ದನಿ ಕೀರಲಾಯಿತು.

"ಹೊಸದು. ಹಾಕದೆ ಗತಿ ಇರಲಿಲ್ಲ, ನಾಳ ತುಂಬಾ ಊದಿದೆ. ಹಾಕಬೇಕಾಗಬಹುದು ಅಂತ ಮೊನ್ನೆ ಹೇಳಿದ್ದೆ. ಮೂರು ವಾರ. ನಾವು ನಿಮ್ಮನ್ನ ಕರೀತೀವಿ. ನಾವು ಕರೀದೆ ಇದ್ರೂ ನೀವು ಬರಬೇಕು."

*

ಊರಿಗೆ ಸುದ್ದಿ ಮುಟ್ಟಬೇಕಾದರೆ ಡಂಗುರ ಯಾಕೆ, ಕ್ಷೌರಿಕನ ಕಿವಿ ಸಾಕು. ಹಾಸಿಗೆಯಮ್ಮ ಮನೆಗೆ ಬಂದ ದಿನವೇ ರಸ್ತೆ ದಾಟಿ ಅವನ ಅಂಗಡಿಗೆ ಹೋದಳು. ಸಾಲಾಗಿ ಕೂತಿದ್ದ ಗಿರಾಕಿಗಳ ಎದುರೇ ಹೇಳಿದಳು: "ನೋಡಪ್ಪಾ, ನನ್ನ ಹೊಟ್ಟೆ ಒಳಗೆ ಒಂದು ಟ್ಯೂಬಿದೆ. ಮೂರು ವಾರಕ್ಕೆ ತೆಗೆಸಬೇಕು. ನಾನು ಮರೆತ್ರೆ ನೀನು ನೆನಪಿಸು. ನಾನು ಸತ್ತುಗಿತ್ತು ಹೋದ್ರೆ ಮಾತ್ರ ಬೇಡ."

ನೊರೆ ಬಳಿದ ಮುಖವೊಂದು ಕನ್ನಡಿಯಲ್ಲಿ ಬಾಯಿ ತೆರೆಯಿತು.

ಹಿಂದೆಯೇ ಓಡಿ ಬಂದ ಗುಬ್ಬಿ ಅವಳ ತೋಳು ಹಿಡಿದು ಎಳೆದಳು. "ಒಳಗಿನ ವಿಷಯಾನ ಬೀದಿಗೆ ಹಾಕ್ತೀಯಲ್ಲ ಅತ್ತಿಗೆ, ನಾಚಿಕೆ ಬೇಡ್ವಾ?"

"ನಾಚಿಕೆಗೆ, ಹೆದರಿಕೆಗೆ ಕಿಡ್ನಿಯ ಮುಕ್ಕಾಲು ಭಾಗ ಕೊಟ್ಟಾಗಿದೆ. ಇನ್ನು ಕೊಡೋಕೆ ನನ್ನ ಹತ್ರ ಇಲ್ಲ."

ಆಮೇಲೆ ಬೀದಿಗೆ ಅದೊಂದು ಕೆಲಸವಾಯಿತು. ತೊಟ್ಟಿಲ ಹಾಸಿಗೆ ಒಯ್ಯಲು ಬಂದ ತಾಯಿ, ಹಾಲಿನವನು, ಶಾಲೆಗೆ ಹೋಗುವ ಮಕ್ಕಳು, ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. "ಹಾಸಿಗೆಯಮ್ಮ, ಟ್ಯೂಬು ಯಾವತ್ತು?" ಮೂರು ವಾರ ತುಂಬುವ ಮುನ್ನವೇ ಕ್ಷೌರಿಕ ಎರಡು ಸಲ ಅವಳನ್ನು ಆಸ್ಪತ್ರೆಗೆ ಹೊರಡಿಸಿದ. ಎರಡು ಸಲವೂ ಬಾಗಿಲಿಂದಲೇ ಹಿಂದಕ್ಕೆ ಕಳಿಸಿದರು. ಮೂರನೆಯ ಸಲ ಸರಿಯಾದ ದಿನಕ್ಕೇ ಹೋದಳು.

ಮಂಪರಿನ ಮದ್ದು ಬೇಕೇ ಎಂದು ಕೇಳಿದಾಗ ಬೇಡವೆಂದಳು. ಸಣ್ಣ ದುರ್ಬೀನು ಒಳಗೆ ಹೋದಂತೆ ಮೂತ್ರಚೀಲದ ಒಳಗಿನ ಗುಲಾಬಿ ಬಣ್ಣದ ಗೋಡೆ ಪರದೆಯ ಮೇಲೆ ಕಂಡಿತು. ತನ್ನ ಮೈಯ ಒಳಮನೆಯನ್ನು ಅವಳು ಅದೇ ಮೊದಲು ನೋಡಿದ್ದು. ದೇವರು ಇಷ್ಟು ಅಚ್ಚುಕಟ್ಟಾಗಿ ಇಟ್ಟಿದ್ದನ್ನು ಇಷ್ಟು ದಿನ ನೋಡಲು ಹೆದರಿದೆನಲ್ಲ ಎನಿಸಿತು. ಇಕ್ಕುಳವೊಂದು ನೀಲಿ ಸುರುಳಿಯ ತುದಿ ಹಿಡಿಯಿತು. ಉರಿಯಿತು, ಒಂದು ಉಸಿರಿನಷ್ಟು ಹೊತ್ತು. ಅಷ್ಟೇ.

ಹೊರಗಿನ ಬೆಂಚಿನ ಮೇಲೆ ಗುಬ್ಬಿ ಕಾಯುತ್ತಿದ್ದಳು. ಅವಳ ಪಕ್ಕದಲ್ಲಿ ಒಬ್ಬ ನಡುವಯಸ್ಸಿನ ಗಂಡಸು. ಎದುರಿಗೆ ತಳ್ಳುಮಂಚದ ಮೇಲೆ ಅವನ ಹೆಂಡತಿ, ಮಂಪರಿನಲ್ಲಿ. ನರ್ಸು ಅವನಿಗೆ ತಗ್ಗಿದ ದನಿಯಲ್ಲಿ, ಒಳಗೊಂದು ಸ್ಟೆಂಟ್ ಇದೆ, ತಿಂಗಳೊಳಗೆ ಕರೆತರಬೇಕು ಎಂದು ಹೇಳಿ ಹೋದಳು. ಅವನು ಆ ಮಾತನ್ನು ಹಿಡಿದುಕೊಂಡೇ ಬೆಂಚಿನಿಂದ ಎದ್ದ. ಆಮೇಲೆ ಹೆಂಡತಿಯ ಕಾಲಿನಿಂದ ಜಾರಿದ ಹೊದಿಕೆಯನ್ನು ಎಳೆದು, ಅಂಚನ್ನು ಪಾದದ ಕೆಳಗೆ ಸಿಕ್ಕಿಸಿದ. ಬಾಯಿ ತೆರೆದ, ಮುಚ್ಚಿದ.

ಬಾಗಿಲು ದಾಟಿ ಬಂದ ಹಾಸಿಗೆಯಮ್ಮನ ಕಾಲು ಅಲ್ಲೇ ನಿಂತಿತು. ಆ ಮುಖ ಅವಳಿಗೆ ಗೊತ್ತಿತ್ತು. ಮುಖ ಬೇರೆಯವನದು, ಬಿಸಿ ತುತ್ತು ಅದೇ. ಹೊರಗೆ ನಿಂತು ನೋಡಿದಾಗ ಅದು ಮರೆವಿನ ಹಾಗೆ ಕಾಣಲಿಲ್ಲ. ಯಾರನ್ನೂ ಎಬ್ಬಿಸದೆ ಹೊರೆ ಹೊತ್ತು ನಡೆಯುವವನ ಹಾಗೆ ಕಂಡಿತು. ವಾರ್ಡಿನಿಂದ ಮಡಿಲಲ್ಲಿ ಹೊತ್ತು ತಂದಿದ್ದ ಕೋಪ ಎಲ್ಲಿ ಇಳಿಯಿತೋ ತಿಳಿಯದ ಹಾಗೆ ಇಳಿದುಹೋಯಿತು.

"ಅವರಿಗೆ ಹೇಳ್ತೀರಾ?" ಎಂದಳು.

ಅವನು ಬೆಚ್ಚಿದ. "ಹೆದರ್ತಾಳೆ ಅಮ್ಮಾ. ತುಂಬಾ ಮೆತ್ತನೆ ಜೀವ. ನಾನೇ ನೆನಪಿಟ್ಟು ಕರ್ಕೊಂಡು ಬರ್ತೀನಿ."

"ನೀವು ನೆನಪಿಡ್ತೀರಿ. ಅದರಲ್ಲಿ ಅನುಮಾನ ಇಲ್ಲ." ಅವಳು ಬೆಂಚಿನ ಮೇಲೆ ಮೆಲ್ಲಗೆ ಕೂತಳು. "ಆದ್ರೂ ಹೇಳಿ. ಹೊತ್ತೋರು ಒಬ್ಬರೇ ಆದ್ರೆ, ಅವರಿಗೇನಾದ್ರೂ ಆದಾಗ ಹೊರೆ ಎಲ್ಲಿದೆ ಅಂತ ಯಾರಿಗೂ ಗೊತ್ತಾಗಲ್ಲ. ಹೆದರಲಿ ಬಿಡಿ. ಹೆದರಿಕೊಂಡೇ ಬದುಕಿರಲಿ."

"ಹೆಂಗೆ ಶುರು ಮಾಡೋದು?"

"ಅವರು ಏಳಲಿ. ನಾನಿಲ್ಲೇ ಇರ್ತೀನಿ."

"ಅತ್ತಿಗೆ, ಅಂಗಡಿ..." ಎಂದಳು ಗುಬ್ಬಿ.

"ಅಂಗಡಿ ಎಲ್ಲಿಗೂ ಓಡಿ ಹೋಗಲ್ಲ. ಕೂತ್ಕೊ."

ಮೂವರೂ ಕೂತರು. ಮಧ್ಯಾಹ್ನದ ಬೆಳಕು ನೆಲದ ಮೇಲೆ ಸರಿಯಿತು. ತಳ್ಳುಮಂಚದ ಮೇಲಿನ ಹೆಂಗಸು ಕೊನೆಗೆ ರೆಪ್ಪೆ ಅಲುಗಿಸಿ, ಗಂಡನನ್ನು ಹುಡುಕಿ, "ಎಲ್ಲಾ ಮುಗೀತಾ?" ಎಂದಳು. ಅವನು ಹಾಸಿಗೆಯಮ್ಮನ ಕಡೆ ಒಮ್ಮೆ ನೋಡಿದ. ಆಮೇಲೆ ಹೆಂಡತಿಯ ಮುಖದ ಹತ್ತಿರಕ್ಕೆ ಬಗ್ಗಿ, "ಇನ್ನೊಂದು ಬಾಕಿ ಇದೆ ಕಣೇ, ಕೇಳು" ಎಂದ.